ರಾಯಭಾರಿ ಕಚೇರಿ ಯಾರ ಕಚೇರಿ?

ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಓದುವ ಈ ಪತ್ರಿಕೆಯಲ್ಲಿ ರಾಯಭಾರಿ ಕಚೇರಿಗಳ ಮಾತು ಏಕೆ ಎಂದು ಕೆಲವರು ಕೇಳಬಹುದು. ರಾಯಭಾರಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬಾವುಟ ಹಾರಿಸಿಕೊಂಡು ಸಾಗುವ ಮೋಟಾರು, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಔತಣಕೂಟ. ಅದು ದೊಡ್ಡವರ ವ್ಯವಹಾರ. ಬಟವಾಡೆಯ ದಿನ ಕೈಸಾಲ ತೀರಿಸಿ ಉಳಿದದ್ದರಲ್ಲಿ ಸಂತೆ ಮಾಡುವ ನಮಗೂ ಅದಕ್ಕೂ ಏನು ಸಂಬಂಧ ಎಂದು ನಾವು ಬಹಳ ಕಾಲ ತಿಳಿದು ಬಂದಿದ್ದೇವೆ. ನಾವು ಹಾಗೆ ತಿಳಿದಿರುವುದು ಆ ಕಚೇರಿಗಳಲ್ಲಿ ಕುಳಿತವರಿಗೂ ಅನುಕೂಲವಾಗಿಯೇ ಇದೆ.

ಆದರೆ ನಮ್ಮ ಯಾವ ಓಣಿಯನ್ನಾದರೂ ಹೊಕ್ಕು ವಿಚಾರಿಸಿ. ಅಪ್ಪ ನೂಲಿನ ಖಾತೆಯಲ್ಲಿ ಆಯುಷ್ಯ ಸವೆಸಿದ ಮನೆಯಿಂದ ಮಗ ದಮ್ಮಾಮಿಗೆ ಡ್ರೈವರಾಗಿ ಹೋಗಿದ್ದಾನೆ. ಅಂಗಡಿ ಸೋತು ಬಾಗಿಲು ಹಾಕಿದ ಮನೆಯಿಂದ ತಮ್ಮ ಶಾರ್ಜಾದಲ್ಲಿ ಇನ್ನೊಬ್ಬರ ಅಂಗಡಿಯ ಮೂಟೆ ಹೊರುತ್ತಿದ್ದಾನೆ. ಗಂಡ ತೀರಿಕೊಂಡ ಹೆಣ್ಣುಮಗಳು ಮಕ್ಕಳನ್ನು ತಾಯಿಯ ಮಡಿಲಿಗೆ ಹಾಕಿ ಕುವೈತಿನ ಮನೆಯೊಂದರಲ್ಲಿ ಅಡಿಗೆ ಮಾಡುತ್ತಿದ್ದಾಳೆ. ಒಂದು ಕಾಲಕ್ಕೆ ಮಂಗಳೂರು, ಉಡುಪಿ, ಭಟ್ಕಳದವರು ಮಾತ್ರ ಹೋಗುತ್ತಿದ್ದರು. ಈಗ ಬಯಲುಸೀಮೆಯವರೂ ಹೋಗುತ್ತಾರೆ, ಕಲಬುರಗಿ ಬೀದರಿನವರೂ ಹೋಗುತ್ತಾರೆ. ಕೊಲ್ಲಿಯ ಆರು ದೇಶಗಳಲ್ಲಿಯೇ ಸುಮಾರು 90 ಲಕ್ಷ ಭಾರತೀಯರು ಇದ್ದಾರೆ. ಹೊರದೇಶಗಳಲ್ಲಿ ದುಡಿಯುವ ಎಲ್ಲ ಭಾರತೀಯರೂ ಸೇರಿ 2024ರಲ್ಲಿ ಮನೆಗೆ ಕಳಿಸಿದ ಹಣ ಸುಮಾರು 12,900 ಕೋಟಿ ಡಾಲರ್ ಎಂದು ವಿಶ್ವಬ್ಯಾಂಕು ಲೆಕ್ಕ ಹಾಕಿತು. ರೂಪಾಯಿಯಲ್ಲಿ ಅದು ಹತ್ತು ಲಕ್ಷ ಕೋಟಿಗೂ ಮೇಲೆ. ಜಗತ್ತಿನ ಬೇರಾವ ದೇಶಕ್ಕೂ ಅಷ್ಟು ಹಣ ಹಾಗೆ ಬರುವುದಿಲ್ಲ. ಅದರಲ್ಲಿ ಅಮೆರಿಕದ ಡಾಕ್ಟರು ಇಂಜಿನಿಯರುಗಳ ಪಾಲೂ ಇದೆ, ನಿಜ. ಆದರೆ ಬಿಸಿಲಿನಲ್ಲಿ ಸಲಿಕೆ ಹಿಡಿದವನ ಪಾಲು ಸಣ್ಣದಲ್ಲ. ಈ ಹಣದ ಲೆಕ್ಕ ಹೇಳುವಾಗ ಮಂತ್ರಿಗಳ ಎದೆ ಉಬ್ಬುತ್ತದೆ. ಹಣ ಕಳಿಸಿದವನ ಸಂಬಳ ನಿಂತಾಗ ಯಾರ ಬಾಗಿಲು ತೆರೆಯುತ್ತದೆ ಎಂಬುದು ನಮ್ಮ ಪ್ರಶ್ನೆ.

ಪರದೇಶದಲ್ಲಿ ಅವನಿಗೆ ತಹಸೀಲ್ದಾರನಿಲ್ಲ, ಶಾಸಕನಿಲ್ಲ, ಯೂನಿಯನ್ ಇಲ್ಲ, ಮತವಿಲ್ಲ. ತನ್ನ ಸರ್ಕಾರ ಎಂದು ಅವನಿಗೆ ಇರುವುದು ಆ ಒಂದೇ ಕಚೇರಿ. ತಾಲ್ಲೂಕು ಕಚೇರಿ, ಪೊಲೀಸ್ ಠಾಣೆ, ಲೇಬರ್ ಇಲಾಖೆ, ಜನನ ಮರಣದ ದಫ್ತರ ಎಲ್ಲವೂ ಅವನ ಪಾಲಿಗೆ ಆ ಗೇಟಿನ ಒಳಗಿದೆ.

ಆ ಕಚೇರಿಯ ಕೆಲಸವೇನೆಂದು ಜಗತ್ತಿನ ರಾಷ್ಟ್ರಗಳು 1963ರಲ್ಲಿ ವಿಯೆನ್ನಾ ಪಟ್ಟಣದಲ್ಲಿ ಕುಳಿತು ಒಪ್ಪಂದ ಮಾಡಿಕೊಂಡವು. ಭಾರತ 1977ರಲ್ಲಿ ಅದಕ್ಕೆ ಸೇರಿತು. ತನ್ನ ದೇಶದ ಪ್ರಜೆಗಳಿಗೆ ನೆರವಾಗುವುದು, ಪಾಸ್‌ಪೋರ್ಟು ಕೊಡುವುದು, ಪರದೇಶದವರು ಬರಬೇಕಾದರೆ ವೀಸಾ ಕೊಡುವುದು, ಹುಟ್ಟು ಸಾವುಗಳನ್ನು ದಾಖಲು ಮಾಡುವುದು, ಕಾಗದಪತ್ರಗಳಿಗೆ ಮೊಹರು ಹಾಕುವುದು ಎಲ್ಲವೂ ಅದರಲ್ಲಿವೆ. ಅದರ 36ನೆಯ ವಿಧಿಯನ್ನು ನಮ್ಮ ಓದುಗರು ನೆನಪಿಟ್ಟುಕೊಳ್ಳಬೇಕು. ಪರದೇಶದ ಪೊಲೀಸರು ನಮ್ಮವನನ್ನು ಹಿಡಿದರೆ, ನಿನ್ನ ದೇಶದ ಕಚೇರಿಗೆ ತಿಳಿಸುವ ಹಕ್ಕು ನಿನಗಿದೆ ಎಂದು ತಡಮಾಡದೆ ಅವನಿಗೆ ಹೇಳಬೇಕು. ಅವನು ಕೇಳಿದರೆ ತಿಳಿಸಬೇಕು. ನಮ್ಮ ಅಧಿಕಾರಿ ಜೈಲಿಗೆ ಹೋಗಿ ಅವನನ್ನು ಕಂಡು ಮಾತನಾಡಬಹುದು, ವಕೀಲನನ್ನು ಗೊತ್ತು ಮಾಡಬಹುದು. ಪಾಕಿಸ್ತಾನದ ಜೈಲಿನಲ್ಲಿದ್ದ ಕುಲಭೂಷಣ ಜಾಧವರ ಮೊಕದ್ದಮೆಯಲ್ಲಿ 2019ರ ಜುಲೈ ತಿಂಗಳಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಪಾಕಿಸ್ತಾನದ ತಪ್ಪನ್ನು ಎತ್ತಿ ಹೇಳಿದ್ದು ಇದೇ ವಿಧಿಯ ಮೇಲೆ. ಆ ಹಕ್ಕಿಗಾಗಿ ಹೇಗ್ ಪಟ್ಟಣದವರೆಗೆ ಹೋಗಿ ವಾದಿಸಿದ ನಮ್ಮ ಸರ್ಕಾರವನ್ನು ನಾವು ಮೆಚ್ಚುತ್ತೇವೆ. ಅದೇ ಹಟ ಜೆದ್ದಾದ ಜೈಲಿನಲ್ಲಿರುವ ಹೆಸರಿಲ್ಲದ ಲಾರಿ ಡ್ರೈವರನ ಪಾಲಿಗೂ ಇರಲಿ ಎಂಬುದು ನಮ್ಮ ಕೋರಿಕೆ.

ಕಾನ್ಸಲ್ ಅಧಿಕಾರಿ ಮಾಡಲಾರದ್ದೂ ಇದೆ. ಅದನ್ನು ಬಚ್ಚಿಟ್ಟು ಜನರಲ್ಲಿ ಆಸೆ ಹುಟ್ಟಿಸುವುದು ನಮ್ಮ ಪದ್ಧತಿಯಲ್ಲ. ಅಲ್ಲಿನ ಕೋರ್ಟಿನ ತೀರ್ಪನ್ನು ಅವನು ತಿರುಗಿಸಲಾರ. ಜೈಲಿನ ಬೀಗ ತೆಗೆಸಲಾರ. ಅಲ್ಲಿನ ಮಾಲೀಕನ ಕೊರಳಪಟ್ಟಿ ಹಿಡಿಯಲಾರ. ಅವನ ಕೈಯಲ್ಲಿರುವುದು ಕಾಗದ, ಟೆಲಿಫೋನು, ಸರ್ಕಾರದ ಹೆಸರು, ಜೊತೆಗೆ ಒಂದಿಷ್ಟು ನಿಧಿ. ಮನಸ್ಸಿದ್ದವನ ಕೈಯಲ್ಲಿ ಇಷ್ಟೇ ಆಯುಧ ಬಹಳ ಕೆಲಸ ಮಾಡುತ್ತದೆ. 1990ರ ಆಗಸ್ಟಿನಲ್ಲಿ ಇರಾಕು ಕುವೈತನ್ನು ನುಂಗಿದಾಗ ಸುಮಾರು 1,70,000 ಭಾರತೀಯರನ್ನು, ಅವರಲ್ಲಿ ನಮ್ಮ ಕರಾವಳಿಯ ಅನೇಕರನ್ನು, ಜೋರ್ಡಾನಿನ ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನಗಳು ಎರಡು ತಿಂಗಳು ಎಡೆಬಿಡದೆ ಊರಿಗೆ ತಂದವು. 2015ರಲ್ಲಿ ಯೆಮನ್‌ನಿಂದ ನಮ್ಮವರನ್ನಷ್ಟೇ ಅಲ್ಲ, ಬೇರೆ ದೇಶದ ನೂರಾರು ಜನರನ್ನೂ ಹಡಗು ವಿಮಾನಗಳಲ್ಲಿ ಕರೆತಂದರು. ಇದನ್ನು ನಾವು ಮರೆತಿಲ್ಲ. ಯುದ್ಧ ಬಂದಾಗ ಸರ್ಕಾರ ಓಡಿ ಬರುತ್ತದೆ. ಪತ್ರಿಕೆಗಳಿವೆ, ಛಾಯಾಚಿತ್ರಗಳಿವೆ, ವಿಮಾನ ನಿಲ್ದಾಣದಲ್ಲಿ ಹೂಮಾಲೆಗಳಿವೆ. ಆದರೆ ಬಾಂಬಿಲ್ಲದ ದಿನಗಳಲ್ಲಿ, ಒಬ್ಬೊಬ್ಬನಾಗಿ, ಸಂಬಳವಿಲ್ಲದೆ ಸಾಯುವ ಜನರ ಸಂಖ್ಯೆಯೇ ಹೆಚ್ಚು.

ಅವನ ಕಥೆ ಎಲ್ಲೆಡೆಯೂ ಒಂದೇ. ಏಜೆಂಟನಿಗೆ ಲಕ್ಷಗಟ್ಟಲೆ ಸುರಿಯುತ್ತಾನೆ. ಕಾನೂನಿನ ಪ್ರಕಾರ ಲೈಸೆನ್ಸುದಾರ ಏಜೆಂಟನು ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ, ಅದರ ಮೇಲಿನ ತೆರಿಗೆ, ಅಷ್ಟೇ. ಹೊಲ ಅಡವಿಟ್ಟು, ಹೆಂಡತಿಯ ಕೊರಳ ಸರ ಮಾರಿ ಹೋದವನು ಇಳಿದ ದಿನವೇ ಮಾಲೀಕನು ಪಾಸ್‌ಪೋರ್ಟನ್ನು ತೆಗೆದು ಬೀರುವಿನಲ್ಲಿಡುತ್ತಾನೆ. ಇಲ್ಲಿ ಹೇಳಿದ ಸಂಬಳ ಬೇರೆ, ಅಲ್ಲಿ ಸಹಿ ಹಾಕಿಸಿಕೊಂಡ ಕರಾರು ಬೇರೆ. ಕರಾರು ಅರಬ್ಬಿಯಲ್ಲಿದೆ, ಇವನು ಓದಿದ್ದು ಏಳನೆಯ ಇಯತ್ತೆ, ಕನ್ನಡದಲ್ಲಿ. ಮೂರು ತಿಂಗಳು ಸಂಬಳ ಬರುತ್ತದೆ, ನಾಲ್ಕನೆಯ ತಿಂಗಳಿಂದ ‘ನಾಳೆ’ ಎಂಬ ಮಾತು ಬರುತ್ತದೆ. ತಾಳಲಾರದೆ ಹೊರಬಿದ್ದರೆ ಓಡಿಹೋದ ಕೆಲಸಗಾರನೆಂದು ಮಾಲೀಕ ಪೊಲೀಸರಿಗೆ ಬರೆದು ಕೊಡುತ್ತಾನೆ. ಇಷ್ಟರ ಮೇಲೆ ವಾಸದ ಪರವಾನಗಿ ನವೀಕರಿಸದ್ದಕ್ಕೆ ದಿನದಿನಕ್ಕೆ ಬೆಳೆಯುವ ದಂಡ. ಪರವಾನಗಿ ನವೀಕರಿಸಬೇಕಾದವನು ಮಾಲೀಕ. ದಂಡ ಕೊಡಬೇಕಾದವನು ಕೂಲಿ!

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. 1967ರ ನಮ್ಮ ಪಾಸ್‌ಪೋರ್ಟು ಕಾಯಿದೆಯ 17ನೆಯ ಕಲಮು ಹೇಳುವುದೇನೆಂದರೆ, ಪಾಸ್‌ಪೋರ್ಟು ಯಾರ ಹೆಸರಿನಲ್ಲಿದ್ದರೂ ಅದು ಕೇಂದ್ರ ಸರ್ಕಾರದ ಸ್ವತ್ತು. ಅಂದಮೇಲೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ ಮಾಲೀಕ ಭಾರತ ಸರ್ಕಾರದ ಸ್ವತ್ತಿಗೇ ಬೀಗ ಹಾಕಿದ್ದಾನೆ. ಸರ್ಕಾರದ ಒಂದು ಜೀಪನ್ನು ಯಾರಾದರೂ ಹೀಗೆ ಕಟ್ಟಿಹಾಕಿಕೊಂಡರೆ ಎಷ್ಟು ಕಾಗದಗಳು ಓಡಾಡುತ್ತಿದ್ದವು! ಲಕ್ಷಾಂತರ ಪಾಸ್‌ಪೋರ್ಟುಗಳು ಹೀಗೆ ಸೆರೆಯಲ್ಲಿದ್ದರೂ ಸರ್ಕಾರಕ್ಕೆ ತನ್ನ ಸ್ವತ್ತಿನ ಮೇಲೆ ಮಮತೆ ಬಂದಂತೆ ಕಾಣುವುದಿಲ್ಲ.

ಇಂಥವನು ರಾಯಭಾರಿ ಕಚೇರಿಗೆ ಬಂದರೆ ಸಿಗುವುದೇನು? ಪಾಸ್‌ಪೋರ್ಟು ಇಲ್ಲದವನಿಗೆ ಊರಿಗೆ ಮರಳಲು ಮಾತ್ರ ಆಗುವ ಒಂದು ತುರ್ತು ರಹದಾರಿ ಕೊಡುತ್ತಾರೆ. ದಿಕ್ಕಿಲ್ಲದವನಿಗೆ ಊಟ ವಸತಿ, ಟಿಕೆಟು, ಸಣ್ಣಪುಟ್ಟ ದಂಡ, ವಕೀಲರ ಖರ್ಚು, ತುರ್ತು ಚಿಕಿತ್ಸೆ, ಸತ್ತವರ ದೇಹ ಸಾಗಿಸುವ ವೆಚ್ಚ, ಇವಕ್ಕೆಂದು ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದೊಂದಿದೆ. 2009ರಲ್ಲಿ ಆರಂಭವಾದದ್ದು. 2015ರಿಂದ ‘ಮದದ್’ ಎಂಬ ದೂರು ಕೊಡುವ ವ್ಯವಸ್ಥೆ ಬಂದಿದೆ. ಊರಿನಲ್ಲಿರುವ ಹೆಂಡತಿಯೋ ತಂದೆಯೋ ಕೂಡ ಅದರಲ್ಲಿ ದೂರು ದಾಖಲಿಸಬಹುದು. ದುಬೈ, ರಿಯಾದ್, ಜೆದ್ದಾ, ಕೌಲಾಲಂಪುರಗಳಲ್ಲಿ ಸಹಾಯ ಕೇಂದ್ರಗಳಿವೆ. ಹಲವು ಕಚೇರಿಗಳು ಗೊತ್ತಾದ ದಿನ ಬಾಗಿಲು ತೆರೆದು, ಅಹವಾಲು ಕೇಳಲು ಅಧಿಕಾರಿಗಳನ್ನು ಕೂರಿಸುತ್ತವೆ. ಇದೆಲ್ಲ ಜನ ಕೂಗಿದ ಮೇಲೆ ಬಂದದ್ದು, ಬಂದದ್ದು ಒಳ್ಳೆಯದಾಯಿತು.

ಆದರೆ ಈ ಕಲ್ಯಾಣ ನಿಧಿ ಯಾರ ದುಡ್ಡು? ಅನೇಕರು ಇದನ್ನು ದಿಲ್ಲಿಯ ಧರ್ಮವೆಂದು ತಿಳಿದಿದ್ದಾರೆ. ಹಾಗಲ್ಲ. ಪಾಸ್‌ಪೋರ್ಟು ನವೀಕರಿಸಲು, ಕಾಗದಕ್ಕೆ ಮೊಹರು ಹಾಕಿಸಲು ಹೋದ ಪ್ರತಿಯೊಬ್ಬನಿಂದಲೂ ಶುಲ್ಕದ ಜೊತೆಗೆ ಒಂದಿಷ್ಟು ಪುಡಿಗಾಸು ತೆಗೆದು ಕೂಡಿಸಿದ ನಿಧಿ ಅದು. ಸಾರ್ಜಾಪುರದ ಗಾರೆಯವನೂ ಕಮಲಾಪುರದ ಡ್ರೈವರನೂ ಹಾಕಿದ ಹುಂಡಿ. ಹುಂಡಿಗೆ ಹಾಕಿದವನೇ ಕೈಯೊಡ್ಡಿ ನಿಂತಾಗ, ನೀನು ನಿಜವಾಗಿ ದಿಕ್ಕಿಲ್ಲದವನೇ, ಪುರಾವೆ ತೋರಿಸು ಎನ್ನುತ್ತಾರೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆ ಇದಕ್ಕೆ ಸಾಲದು. ಇಲ್ಲಿ ಕೊಟ್ಟವನು ಭಕ್ತನೇ.

2020ರ ಸೋಂಕಿನ ಕಾಲದಲ್ಲಿ ಇದು ಬಯಲಾಯಿತು. ಕೆಲಸ ಹೋಗಿ, ಒಂದೇ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಮಲಗಿದ್ದವರನ್ನು ಕರೆತರಲು ಮೇ 7ರಿಂದ ವಿಮಾನಗಳು ಹೊರಟವು. ಮೇ 12ರಂದು ದುಬೈನಿಂದ ಮಂಗಳೂರಿಗೆ ಮೊದಲ ವಿಮಾನ ಬಂತು. ಹೆಸರು ದೊಡ್ಡದು, ‘ವಂದೇ ಭಾರತ’. ಟಿಕೆಟಿನ ಹಣ ಮಾತ್ರ ಪ್ರಯಾಣಿಕನದು. ಆರು ತಿಂಗಳ ಸಂಬಳ ಕಾಣದವನು ಸಾಲ ಮಾಡಿ ಟಿಕೆಟು ಕೊಂಡ. ನಿಧಿಯಿಂದ ಕೊಡಿ ಎಂದು ಕೇರಳದಲ್ಲಿ ಜನರು ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು, ಆದರೆ ಅದು ಹೆಚ್ಚು ಜನರಿಗೆ ತಿಳಿಯಲೇ ಇಲ್ಲ. ಭಾರತದ ಕೆಲಸಗಾರನನ್ನು ಇಷ್ಟಕ್ಕಿಂತ ಕಡಿಮೆ ಸಂಬಳಕ್ಕೆ ಕರೆಸಿಕೊಳ್ಳಕೂಡದು ಎಂದು ಪ್ರತಿ ದೇಶಕ್ಕೂ ನಮ್ಮ ಸರ್ಕಾರ ಒಂದು ಕನಿಷ್ಠ ದರ ಗೊತ್ತು ಮಾಡಿರುತ್ತದೆ. ಕರಾರು ಪತ್ರಗಳಿಗೆ ಒಪ್ಪಿಗೆ ಕೊಡುವಾಗ ಆ ದರವನ್ನು ನೋಡಬೇಕು. ಆ ದರವನ್ನು ಕೊಲ್ಲಿಯ ದೇಶಗಳಿಗೆ ಶೇ. 30ರಿಂದ 50ರಷ್ಟು ಇಳಿಸಿಬಿಟ್ಟರು. ಸಂಯುಕ್ತ ಅರಬ್ ಎಮಿರೇಟ್ಸಿನಲ್ಲಿ ದುಡಿಯುವವನಿಗೆ ತಿಂಗಳಿಗೆ 200 ಡಾಲರ್ ಸಾಕೆಂದಾಯಿತು. ಸಂಬಳ ಹೆಚ್ಚಾದರೆ ಮಾಲೀಕರು ಬೇರೆ ದೇಶದವರನ್ನು ಕರೆಸಿಕೊಂಡಾರು, ನಮ್ಮವರ ಕೆಲಸ ಹೋದೀತು ಎಂಬುದು ಸಮಜಾಯಿಷಿ. ಗಿರಣಿ ಮಾಲೀಕರ ಬಾಯಿಂದ ನಾವು ಕೇಳುತ್ತ ಬಂದ ಹಳೆಯ ರಾಗವೇ ಇದು: ಕೂಲಿ ಇಳಿಸಿಕೊಳ್ಳಿ, ಇಲ್ಲದಿದ್ದರೆ ಗೇಟು ಮುಚ್ಚುತ್ತೇವೆ. ಮಾಲೀಕ ಹಾಡಿದರೆ ಅರ್ಥವಾಗುತ್ತದೆ. ಸರ್ಕಾರವೇ ಮಾಲೀಕನ ಪರವಾಗಿ ತನ್ನ ಪ್ರಜೆಗಳ ಕೂಲಿ ಇಳಿಸುವುದನ್ನು ಏನೆಂದು ಕರೆಯೋಣ? ತೆಲಂಗಾಣದ ಕೆಲಸಗಾರರ ಪರವಾಗಿ ನಿಂತವರು ಹೈಕೋರ್ಟಿಗೆ ಹೋದರು, ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು, 2021ರಲ್ಲಿ ಸರ್ಕಾರ ಆ ಆಜ್ಞೆಯನ್ನು ಹಿಂತೆಗೆದುಕೊಂಡಿತು. ಆ ತಿಂಗಳುಗಳಲ್ಲಿ ಕಡಿಮೆ ದರಕ್ಕೆ ಸಹಿ ಹಾಕಿ ಹೋದವರ ಕರಾರು ಮಾತ್ರ ಹಾಗೆಯೇ ಉಳಿಯಿತು.

ಈಗ ನಾವು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇವೆ. ರಾಯಭಾರಿ ಕಚೇರಿ ನಮ್ಮ ಕೆಲಸಗಾರನನ್ನು ಮನೆಗೆ ತರುತ್ತದೆ. ಅವನ ಸಂಬಳವನ್ನು ತರುವುದಿಲ್ಲ. 2016ರ ಬೇಸಿಗೆಯಲ್ಲಿ ಸೌದಿ ಅರೇಬಿಯದ ದೊಡ್ಡ ದೊಡ್ಡ ಕಟ್ಟಡ ಕಂಪನಿಗಳು ಮುಗ್ಗರಿಸಿದವು. ಸಾವಿರಾರು ಭಾರತೀಯರು ತಿಂಗಳುಗಟ್ಟಲೆ ಸಂಬಳವಿಲ್ಲದೆ, ಕ್ಯಾಂಪುಗಳಲ್ಲಿ ಊಟವೂ ಇಲ್ಲದೆ ಕುಳಿತರು. ಆಗ ವಿದೇಶಾಂಗ ಮಂತ್ರಿಯಾಗಿದ್ದ ಸುಷ್ಮಾ ಸ್ವರಾಜರು ಹಸಿದವರಿಗೆ ಊಟ ಮುಟ್ಟಿಸುವಂತೆ ರಾಯಭಾರಿ ಕಚೇರಿಗೆ ಹೇಳಿದರು, ರಾಜ್ಯ ಮಂತ್ರಿಯೊಬ್ಬರನ್ನು ಜೆದ್ದಾಗೆ ಕಳಿಸಿದರು. ಅಕ್ಕಿ ಬೇಳೆ ಹೋಯಿತು. ಕೊನೆಗೆ ಬಾಕಿಯ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು ಊರಿಗೆ ಹೋಗಿರಿ ಎಂದು ಸಲಹೆ ಬಂತು. ಹಾಳೆ ಅಲ್ಲಿ ಉಳಿಯಿತು, ಮನುಷ್ಯ ಇಲ್ಲಿಗೆ ಬಂದ. ಬಂದವನ ಮನೆಬಾಗಿಲಲ್ಲಿ ಸಾಲ ಕೊಟ್ಟವನು ಮೊದಲೇ ಬಂದು ಕುಳಿತಿದ್ದ.

ಅದೇ ಕಂಪನಿಗಳಲ್ಲಿ ಫಿಲಿಪ್ಪೀನ್ಸಿನವರೂ ದುಡಿದಿದ್ದರು. ಅವರಿಗೂ ಬಾಕಿ ನಿಂತಿತು. ಆ ಬಡ ದ್ವೀಪರಾಷ್ಟ್ರದ ಸರ್ಕಾರ ವರ್ಷಗಟ್ಟಲೆ ಅದರ ಬೆನ್ನು ಬಿಡಲಿಲ್ಲ; 2024ರಲ್ಲಿ ಮೊದಲ ತಂಡದ ಕೆಲಸಗಾರರಿಗೆ ಸೌದಿಯಿಂದ ಚೆಕ್ಕುಗಳು ಬಂದವು. ಅವರ ರಾಯಭಾರಿಗಳು ನಮ್ಮವರಿಗಿಂತ ದಯಾವಂತರೆಂದು ಇದಕ್ಕೆ ಅರ್ಥವಲ್ಲ. ಅವರ ಕೈ ಕಟ್ಟಿಹಾಕಿದ ಕಾನೂನು ಒಂದಿದೆ. 1995ರ ಮಾರ್ಚಿನಲ್ಲಿ ಸಿಂಗಪುರದಲ್ಲಿ ಫ್ಲೋರ್ ಕಾಂಟೆಂಪ್ಲಾಸಿಯೋನ್ ಎಂಬ ಫಿಲಿಪ್ಪೀನ್ಸಿನ ಮನೆಗೆಲಸದ ಹೆಣ್ಣುಮಗಳನ್ನು ಗಲ್ಲಿಗೇರಿಸಿದರು. ನಮ್ಮ ಕಚೇರಿ ಅವಳಿಗಾಗಿ ಏನು ಮಾಡಿತು ಎಂದು ಮನಿಲಾದ ಬೀದಿಗಳಲ್ಲಿ ಜನ ರೊಚ್ಚಿಗೆದ್ದರು. ಅಲ್ಲಿನ ವಿದೇಶಾಂಗ ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಜೂನ್ ತಿಂಗಳಿಗೆ ಕಾಯಿದೆ ಹೊರಟಿತು. ತಮ್ಮ ಕೆಲಸಗಾರರು ಹೆಚ್ಚಾಗಿರುವ ದೇಶಗಳಲ್ಲಿ ರಾಯಭಾರಿ ಕಚೇರಿಯ ಆವರಣದಲ್ಲಿಯೇ ಹಗಲು ರಾತ್ರಿ ತೆರೆದಿರುವ ಕಾರ್ಮಿಕ ಕೇಂದ್ರ ಇರಲೇಬೇಕು ಎಂದು ಅದು ಹೇಳುತ್ತದೆ. ಅದಕ್ಕಿಂತ ದೊಡ್ಡದೊಂದು ಮಾತನ್ನೂ ಹೇಳುತ್ತದೆ: ಪರದೇಶದ ಮಾಲೀಕ ಸಂಬಳ ಕೊಡದಿದ್ದರೆ, ಕಳಿಸಿದ ಏಜೆಂಟನೂ ಆ ಸಾಲಕ್ಕೆ ಸಮಪಾಲು ಹೊಣೆ. ಕೆಲಸಗಾರ ಮನಿಲಾದಲ್ಲಿಯೇ, ತನ್ನ ಭಾಷೆಯಲ್ಲಿ, ತನ್ನ ದೇಶದ ಅಧಿಕಾರಿಯ ಮುಂದೆ ಏಜೆಂಟನ ಮೇಲೆ ದಾವೆ ಹೂಡಬಹುದು.

ನಮ್ಮ 1983ರ ವಲಸೆ ಕಾಯಿದೆಯನ್ನು ತಿರುವಿ ನೋಡಿ. ಏಜೆಂಟನಿಗೆ ಲೈಸೆನ್ಸು ಇದೆ, ಬ್ಯಾಂಕಿನ ಜಾಮೀನು ಇದೆ, ಹತ್ತನೆಯ ತರಗತಿ ಪಾಸಾಗದವನು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಪಡೆಯಬೇಕಾದ ಅನುಮತಿ ಇದೆ. ಆ ಅನುಮತಿ ಕೊಡುವ ಅಧಿಕಾರಿಯ ಹೆಸರು ‘ವಲಸಿಗರ ರಕ್ಷಕ’. ಬ್ರಿಟಿಷರು ನಮ್ಮ ಜನರನ್ನು ಕರಾರು ಕೂಲಿಗಳನ್ನಾಗಿ ಮಾರಿಷಸ್ಸಿಗೂ ಫಿಜಿಗೂ ಹಡಗಿನಲ್ಲಿ ತುಂಬುತ್ತಿದ್ದಾಗ ಇದ್ದ ಹುದ್ದೆಯ ಹೆಸರೇ ಇದು. 1917ರಲ್ಲಿ ಕರಾರು ಕೂಲಿ ನಿಂತರೂ ಹೆಸರು ನಿಲ್ಲಲಿಲ್ಲ. ಆದರೆ ಸಂಕಟದಲ್ಲಿ ಬಿದ್ದ ಕೆಲಸಗಾರನಿಗೆ ರಾಯಭಾರಿ ಕಚೇರಿ ಇಂತಿಂಥದ್ದನ್ನು ಮಾಡಲೇಬೇಕು, ಮಾಡದಿದ್ದರೆ ಅವನು ಕೇಳಬಹುದು ಎಂಬ ಮಾತು ಆ ಕಾಯಿದೆಯಲ್ಲಿ ಕಾಣುವುದಿಲ್ಲ. ಕಲ್ಯಾಣ ನಿಧಿಯೂ ನಡೆಯುವುದು ಸರ್ಕಾರ ಬರೆದುಕೊಂಡ ನಿಯಮಗಳ ಮೇಲೆ. ಅಧಿಕಾರಿ ಒಳ್ಳೆಯವನಾದರೆ ಬದುಕಿದೆವು, ಇಲ್ಲದಿದ್ದರೆ ಗೇಟಿನ ಹೊರಗೆ.

ಪಾಸ್‌ಪೋರ್ಟಿನ ಕಥೆಯೂ ಹಿಂದೆ ಹೀಗೆಯೇ ಇತ್ತು. ಕೊಡುವುದು ಬಿಡುವುದು ಸರ್ಕಾರದ ಮರ್ಜಿ ಎಂದು ಇಪ್ಪತ್ತು ವರ್ಷ ನಡೆಯಿತು. ಸತವಂತ ಸಿಂಗ್ ಸಾಹನಿ ಎಂಬ ಒಬ್ಬ ವ್ಯಾಪಾರಿ ಸುಪ್ರೀಂ ಕೋರ್ಟಿಗೆ ಹೋದರು. 1967ರ ಏಪ್ರಿಲಿನಲ್ಲಿ ಐವರು ನ್ಯಾಯಾಧೀಶರಲ್ಲಿ ಮೂವರು, ಪರದೇಶಕ್ಕೆ ಹೋಗಿಬರುವುದು ಸಂವಿಧಾನದ 21ನೆಯ ವಿಧಿ ಕೊಟ್ಟ ಸ್ವಾತಂತ್ರ್ಯದೊಳಗೇ ಸೇರಿದ್ದು ಎಂದರು. ಎರಡೇ ತಿಂಗಳಲ್ಲಿ ಕಾಯಿದೆ ಬಂತು. ಹೋಗುವುದು ಹಕ್ಕಾಗಿ ಅರ್ಧ ಶತಮಾನ ಕಳೆದಿದೆ. ಹೋದಲ್ಲಿ ತನ್ನ ಸರ್ಕಾರದ ನೆರವು ಪಡೆಯುವುದು ಇನ್ನೂ ಉಪಕಾರವಾಗಿಯೇ ಇದೆ. 1983ರ ಕಾಯಿದೆಯ ಜಾಗಕ್ಕೆ ತರಲೆಂದು ಕೇಂದ್ರ ಸರ್ಕಾರ 2025ರ ಅಕ್ಟೋಬರಿನಲ್ಲಿ ಒಂದು ಕರಡು ಮಸೂದೆಯನ್ನು ಹೊರಡಿಸಿತು. ಪಕ್ಷ ಯಾವುದೇ ಇರಲಿ, ನಮ್ಮ ಲೋಕಸಭಾ ಸದಸ್ಯರನ್ನು ನಾವು ಕೇಳಬೇಕಾದದ್ದು ಇದು: ರಾಯಭಾರಿ ಕಚೇರಿಯ ಕರ್ತವ್ಯವನ್ನು ಕಾನೂನಿನಲ್ಲಿ ಬರೆಯಿರಿ, ಬಾಕಿ ಸಂಬಳಕ್ಕೆ ಏಜೆಂಟನನ್ನು ಹೊಣೆ ಮಾಡಿ, ಅವನ ಬ್ಯಾಂಕ್ ಜಾಮೀನಿನಿಂದ ಕೊಡಿಸಿ, ಕಲ್ಯಾಣ ನಿಧಿಗೆ ಯಾವ ಕಚೇರಿಯಲ್ಲಿ ಎಷ್ಟು ಬಂತು, ಎಷ್ಟು ಹೋಯಿತು ಎಂಬುದನ್ನು ಆ ಕಚೇರಿಯ ಗೋಡೆಗೆ ವರ್ಷವರ್ಷವೂ ಅಂಟಿಸಿ.

ನಮ್ಮ ರಾಜ್ಯ ಸರ್ಕಾರವೂ ಇದು ದಿಲ್ಲಿಯ ವಿಷಯವೆಂದು ಕೈತೊಳೆದುಕೊಳ್ಳುವಂತಿಲ್ಲ. ಕೇರಳ 1996ರಲ್ಲಿಯೇ ಪರದೇಶದ ಕೇರಳೀಯರಿಗೆಂದು ಒಂದು ಇಲಾಖೆ ತೆರೆಯಿತು. ಕುವೈತಿನಲ್ಲಿ ಮಲಯಾಳಿಯೊಬ್ಬ ಸಿಕ್ಕಿಬಿದ್ದರೆ ತಿರುವನಂತಪುರದಿಂದ ಫೋನು ಹೋಗುತ್ತದೆ. 2019ರಲ್ಲಿ ಮಂಗಳೂರು ಕಡೆಯ ಹತ್ತಾರು ಹುಡುಗರು ಅದೇ ಕುವೈತಿನಲ್ಲಿ ಸಂಬಳವಿಲ್ಲದೆ ಸಿಕ್ಕಿಬಿದ್ದಾಗ, ತಮ್ಮ ಗೋಳನ್ನು ವಿಡಿಯೋ ಮಾಡಿ ಊರಿಗೆ ಕಳಿಸಿದ ಮೇಲೆಯೇ ಗದ್ದಲವಾದದ್ದು. ಗದ್ದಲ ಮಾಡಲು ಬಾರದವರ ಗತಿ?

ಗದ್ದಲ ಮಾಡಲು ಬಾರದವರೆಂದರೆ ಹಕ್ಕಿಪಿಕ್ಕಿ ಜನರನ್ನು ನೆನೆಯಬೇಕು. ನಮ್ಮ ಹುಣಸೂರು, ಶಿವಮೊಗ್ಗ, ಚನ್ನಗಿರಿಗಳ ಕಡೆಯ ಈ ಜನ ಗಿಡಮೂಲಿಕೆಯ ಎಣ್ಣೆಯನ್ನು ಹೊತ್ತು ಆಫ್ರಿಕದ ಸಂತೆಗಳವರೆಗೆ ಹೋಗಿ ಮಾರುತ್ತಾರೆ. ಸಣ್ಣ ವ್ಯಾಪಾರಿ ಎಂದರೆ ಇವರಿಗಿಂತ ಬೇರೆ ಯಾರು! 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಸೇನೆಯ ಎರಡು ಬಣಗಳು ಹೊಡೆದಾಡಿಕೊಂಡಾಗ ಇವರಲ್ಲಿ ಹಲವರು ಅಲ್ ಫಾಶಿರ್ ಎಂಬ ದೂರದ ಊರಿನ ಬಾಡಿಗೆ ಮನೆಗಳಲ್ಲಿ ಅನ್ನ ನೀರಿಲ್ಲದೆ ಸಿಕ್ಕಿಕೊಂಡರು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಇದನ್ನು ಬಹಿರಂಗವಾಗಿ ಎತ್ತಿದರು. ವಿದೇಶಾಂಗ ಮಂತ್ರಿ ಜೈಶಂಕರರು ಇದರಲ್ಲಿ ರಾಜಕೀಯ ಬೇಡವೆಂದು ಸಿಟ್ಟಾದರು. ಚುನಾವಣೆಯ ಕಾಲ, ಇಬ್ಬರಿಗೂ ಅವರವರ ಕಾರಣ. ಕೊನೆಗೆ ಪೋರ್ಟ್ ಸೂಡಾನಿನಿಂದ ಹಡಗು, ಜೆದ್ದಾದಿಂದ ವಿಮಾನ ಹತ್ತಿ ಅವರು ಬಂದರು. ಆ ಕಾರ್ಯಾಚರಣೆಗೆ ಕಾವೇರಿಯ ಹೆಸರನ್ನೇ ಇಟ್ಟಿದ್ದರು. ಎಣ್ಣೆಯ ಬಾಟಲಿ ಹಿಡಿದು ಹೋಗುವವನ ಹೆಸರು ಯಾವ ರಾಯಭಾರಿ ಕಚೇರಿಯ ಪಟ್ಟಿಯಲ್ಲಿಯೂ ತಾನಾಗಿ ಇರುವುದಿಲ್ಲ. ಇಳಿದ ವಾರದಲ್ಲಿಯೇ ಅಲ್ಲಿ ಹೆಸರು ಬರೆಸಬೇಕೆಂದು ಅವನಿಗೆ ಯಾರೂ ಹೇಳಿರುವುದೂ ಇಲ್ಲ.

ಸತ್ತವರ ಬಗ್ಗೆ ಹೆಚ್ಚು ಬರೆಯಲು ಕೈ ಓಡುವುದಿಲ್ಲ. 2024ರ ಜೂನ್ 12ರಂದು ಕುವೈತಿನ ಮಂಗಾಫಿನಲ್ಲಿ ಕೆಲಸಗಾರರನ್ನು ತುಂಬಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 45 ಭಾರತೀಯರು ಸತ್ತರು. ಒಬ್ಬರು ಕಲಬುರಗಿ ಜಿಲ್ಲೆಯವರು. ಎರಡು ದಿನದಲ್ಲಿ ವಾಯುಸೇನೆಯ ವಿಮಾನ ದೇಹಗಳನ್ನು ತಂದಿತು. ಒಬ್ಬೊಬ್ಬರಾಗಿ ಸತ್ತವರ ದೇಹಕ್ಕೆ ಅಂಥ ವಿಮಾನವಿಲ್ಲ. ಪೊಲೀಸ್ ವರದಿ, ಆಸ್ಪತ್ರೆಯ ಪತ್ರ, ಮಾಲೀಕನ ಒಪ್ಪಿಗೆ, ಊರಿನವರ ಒಪ್ಪಿಗೆ ಪತ್ರ, ಪಾಸ್‌ಪೋರ್ಟು ರದ್ದು ಮಾಡಿದ ಮೊಹರು ಎಲ್ಲ ಕೂಡುವವರೆಗೆ ಶವಾಗಾರದಲ್ಲಿ ಕಾಯಬೇಕು. ಅಲ್ಲಿ ಕಾಗದ ಹಿಡಿದು ಓಡಾಡುವವರು ಬಹುಪಾಲು ನಮ್ಮ ಜನರೇ ಕಟ್ಟಿಕೊಂಡ ಸಂಘಗಳವರು, ತಮ್ಮ ರಜೆಯ ದಿನದಲ್ಲಿ.

ಇನ್ನು ಪರದೇಶದವರ ರಾಯಭಾರಿ ಕಚೇರಿಗಳು ನಮ್ಮವರನ್ನು ನಡೆಸಿಕೊಳ್ಳುವ ಬಗೆ. ವಿದೇಶದ ವಸ್ತುಪ್ರದರ್ಶನಕ್ಕೆ ಹೋಗಿ ಹೊಸ ಮಗ್ಗವನ್ನೋ ಹಿಟ್ಟಿನ ಯಂತ್ರವನ್ನೋ ನೋಡಿ ಬರೋಣವೆಂದು ಹೊರಟ ವ್ಯಾಪಾರಿಗೆ ಇದರ ರುಚಿ ಗೊತ್ತು. ಅರ್ಜಿ ತೆಗೆದುಕೊಳ್ಳುವ ಕೆಲಸವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿದ್ದಾರೆ. ಅಲ್ಲಿ ಒಳ್ಳೆಯ ಕುರ್ಚಿಗೂ ಬೇರೆ ಶುಲ್ಕ. ಯುರೋಪಿನ ಷೆಂಗನ್ ವೀಸಾಕ್ಕೆ 2024ರ ಜೂನ್‌ನಿಂದ 90 ಯೂರೋ ಆಯಿತು. ಆ ವರ್ಷ ಭಾರತದಿಂದ ಸುಮಾರು 11 ಲಕ್ಷ ಅರ್ಜಿಗಳು ಹೋದವು, ಒಂದೂವರೆ ಲಕ್ಷಕ್ಕೂ ಹೆಚ್ಚು ತಿರಸ್ಕೃತವಾದವು. ತಿರಸ್ಕರಿಸಿದರೆ ಶುಲ್ಕ ಮರಳುವುದಿಲ್ಲ. ಸಾಮಾನು ಕೊಡದೆ ದುಡ್ಡು ಇಟ್ಟುಕೊಳ್ಳುವ ಅಂಗಡಿಯನ್ನು ನಮ್ಮ ಪೇಟೆಯಲ್ಲಿ ಒಂದು ದಿನ ನಡೆಸಲು ಬಿಟ್ಟೇವೆಯೆ? ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟು 2025ರ ಜನವರಿಯಲ್ಲಿ ಸಡಗರದಿಂದ ಉದ್ಘಾಟನೆಯಾಯಿತು. ಆ ದಿನ ವೀಸಾ ಕೊಡುವ ಕಿಟಕಿ ಮಾತ್ರ ಅಲ್ಲಿ ತೆರೆದಿರಲಿಲ್ಲ. ಬಡ ದೇಶದವರಿಗೆ ಶ್ರೀಮಂತ ದೇಶಗಳ ಬಾಗಿಲು ಎಂದೂ ಹೀಗೆಯೇ. ಆದರೆ ಅದು ಅವರ ಬಾಗಿಲು. ನಾವು ಜಗಳವಾಡುತ್ತಿರುವುದು ನಮ್ಮದೇ ಬಾಗಿಲಿನ ಬಗ್ಗೆ.

ಕಾನೂನು ಬರುವವರೆಗೆ ಹೋಗುವವರು ಹೋಗುತ್ತಲೇ ಇರುತ್ತಾರೆ. ಅವರಿಗೆ ನಾಲ್ಕು ಮಾತು. ಏಜೆಂಟನ ಲೈಸೆನ್ಸು ನಂಬರನ್ನು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಡದೆ ಒಂದು ಪೈಸೆಯನ್ನೂ ಕೊಡಬೇಡಿ. ಕೊಟ್ಟರೆ ಬ್ಯಾಂಕಿನ ಮೂಲಕ ಕೊಡಿ. ಪ್ರವಾಸದ ವೀಸಾದ ಮೇಲೆ ಹೋಗು, ಅಲ್ಲಿ ಬದಲಾಯಿಸೋಣ ಎನ್ನುವವನ ಮಾತು ಕೇಳಬೇಡಿ. ಹಾಗೆ ಹೋದವನ ಕರಾರು ಸರ್ಕಾರದ ಯಾವ ದಾಖಲೆಯಲ್ಲಿಯೂ ಇರುವುದಿಲ್ಲ. ಪ್ರವಾಸಿ ಭಾರತೀಯ ಬಿಮಾ ಎಂಬುದಕ್ಕೆ ಎರಡು ವರ್ಷಕ್ಕೆ 275 ರೂಪಾಯಿ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ 10 ಲಕ್ಷ. ಅದರ ಕಾಗದ ಹೆಂಡತಿಯ ಕೈಯಲ್ಲಿರಲಿ, ಅದೇನೆಂದು ಅವಳಿಗೆ ಹೇಳಿ ಹೋಗಿ. ಪಾಸ್‌ಪೋರ್ಟು, ವೀಸಾ, ಕರಾರು, ಪ್ರತಿ ತಿಂಗಳ ಸಂಬಳದ ಚೀಟಿ, ಎಲ್ಲದರ ಫೋಟೋ ತೆಗೆದು ಊರಿಗೆ ಕಳಿಸಿ. ಕೊನೆಗೆ ಸಂಬಳ ಬಾಕಿ ಇಟ್ಟುಕೊಂಡೇ ಮರಳಬೇಕಾದ ಗತಿ ಬಂದರೆ, ವಿಮಾನ ಹತ್ತುವ ಮೊದಲು ಅಲ್ಲಿನ ಲೇಬರ್ ಕಚೇರಿಯಲ್ಲಿ ದೂರು ದಾಖಲಿಸಿ, ಬಾಕಿ ವಸೂಲಿಗೆ ನಂಬಿಕಸ್ಥರ ಹೆಸರಿಗೆ ಅಧಿಕಾರ ಪತ್ರ ಬರೆದು, ಅದಕ್ಕೆ ನಮ್ಮ ರಾಯಭಾರಿ ಕಚೇರಿಯ ಮೊಹರು ಹಾಕಿಸಿಕೊಳ್ಳಿ. ಆ ಮೊಹರಿಗೂ ಶುಲ್ಕವಿದೆ, ಆ ಶುಲ್ಕದಲ್ಲಿಯೂ ಕಲ್ಯಾಣ ನಿಧಿಗೆ ಒಂದು ಪಾಲು ಹೋಗುತ್ತದೆ. ರಸೀದಿ ಕೇಳಿ ಪಡೆಯಿರಿ.